ಬಣ್ಣ ನೋಡಿ ಹೆಸರಿಡಬೇಡಿ: ಹೊಸ ಬಲೆರೆಕ್ಕೆ ಜೀರುಂಡೆಯನ್ನು ವಿವರಿಸುವ ಕ್ರಮ

ಉಷ್ಣವಲಯದ ಕಾಡಿನಲ್ಲಿ ಬಲೆರೆಕ್ಕೆ ಜೀರುಂಡೆಯನ್ನು ಹಿಡಿಯಲು ಕಷ್ಟಪಡಬೇಕಿಲ್ಲ. ಕೆಂಪು, ಕಿತ್ತಳೆ ಅಥವಾ ಹಳದಿ-ಕಪ್ಪು ಮೈ ಹೊತ್ತು ಹಗಲಲ್ಲೇ ಎಲೆಯ ಮೇಲೆ ಕೂತಿರುತ್ತದೆ. ಹಾರಿದರೂ ನಿಧಾನ. ಮುಂರೆಕ್ಕೆಗಳ ಮೇಲೆ ಉದ್ದಕ್ಕೂ ಏರುಗೆರೆಗಳು, ಅವುಗಳ ನಡುವೆ ಅಡ್ಡಗೆರೆಗಳು, ನಡುವೆ ಬಲೆಗಣ್ಣುಗಳು. ಕಷ್ಟ ಶುರುವಾಗುವುದು ಅದಕ್ಕೆ ಹೆಸರು ಹೇಳಹೊರಟಾಗ. ಈ ಜೀರುಂಡೆಗಳ ಲೈಸಿಡೀ ಕುಟುಂಬದಲ್ಲಿ ಈಗಾಗಲೇ ಹೆಸರಿರುವ ಪ್ರಭೇದಗಳೇ 4,000ಕ್ಕೂ ಹೆಚ್ಚು. ಹೆಸರಿಲ್ಲದವೂ ಸಾಕಷ್ಟಿವೆ, ಎರಡು ಮೂರು ಹೆಸರು ಹೊತ್ತು ತಿರುಗುವವೂ ಇವೆ.

ಈ ಗೊಂದಲದ ಮೂಲ ಬಣ್ಣ. ಈ ಜೀರುಂಡೆಗಳು ಹಕ್ಕಿಗಳಿಗೆ ರುಚಿಸುವುದಿಲ್ಲ. ಮೈಯಲ್ಲಿ ಪೈರಜೀನ್ ಎಂಬ ಘಾಟುವಾಸನೆಯ ರಾಸಾಯನಿಕಗಳಿರುತ್ತವೆ. ಒಂದು ಬಣ್ಣಕ್ಕೆ ಒಮ್ಮೆ ಹೇಸಿದ ಹಕ್ಕಿ ಆ ಬಣ್ಣದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಹಾಗಾಗಿ ಒಂದೇ ಜಾಗದ ಹಲವು ಪ್ರಭೇದಗಳು ಒಂದೇ ಬಣ್ಣ ತೊಟ್ಟರೆ ಎಲ್ಲಕ್ಕೂ ಲಾಭ. 1870ರ ದಶಕದ ಕೊನೆಯಲ್ಲಿ ನಿಸರ್ಗವಿಜ್ಞಾನಿ ಫ್ರಿಟ್ಸ್ ಮ್ಯುಲ್ಲರ್ ಚಿಟ್ಟೆಗಳನ್ನಿಟ್ಟುಕೊಂಡು ವಿವರಿಸಿದ ಅನುಕರಣೆ ಇದೇ. ಪರಿಣಾಮ ಎರಡು. ಒಂದೇ ಕಣಿವೆಯಲ್ಲಿ ಬೇರೆ ಬೇರೆ ಕುಲದ ಮೂರು ಜೀರುಂಡೆಗಳು ಬರಿಗಣ್ಣಿಗೆ ಒಂದೇ ಆಗಿ ಕಾಣಬಹುದು. ಒಂದೇ ಪ್ರಭೇದ ಪಕ್ಕದ ಬೆಟ್ಟಸಾಲಿನಲ್ಲಿ ಬೇರೆಯೇ ಬಣ್ಣದಲ್ಲಿರಬಹುದು. ಬರೀ ಬಣ್ಣದ ಆಧಾರದಲ್ಲಿ ಹೊಸ ಪ್ರಭೇದ ಬರೆದರೆ ಅದು ಇಂದಲ್ಲ ನಾಳೆ ಹಳೆಯ ಹೆಸರೊಂದರ ಸಮಾನನಾಮವಾಗಿ, ಅಂದರೆ ಅದೇ ಪ್ರಭೇದಕ್ಕಿಟ್ಟ ಇನ್ನೊಂದು ಹೆಸರಾಗಿ, ಬಿದ್ದುಹೋಗುತ್ತದೆ. ಮುಂದಿನ ಹಂತಗಳೆಲ್ಲ ಇದನ್ನು ತಪ್ಪಿಸುವುದಕ್ಕಾಗಿ.

ಇದು ಲೈಸಿಡ್ ಹೌದೇ?

ಈ ವೇಷ ಹಾಕುವವು ಲೈಸಿಡ್‌ಗಳಷ್ಟೇ ಅಲ್ಲ. ಉದ್ದಮೀಸೆಯ ಸೆರಾಂಬಿಸಿಡ್ ಜೀರುಂಡೆಗಳು, ಕೆಲವು ಪತಂಗಗಳು, ಇತರ ಮೆದುಮೈ ಜೀರುಂಡೆಗಳೂ ಇದೇ ಬಣ್ಣಗಳಲ್ಲಿ ಸಿಗುತ್ತವೆ. ಮಾದರಿಯನ್ನು ಮಗುಚಿ ಕೆಳಭಾಗ ನೋಡಿ. ಲೈಸಿಡ್‌ಗಳಲ್ಲಿ ಮಧ್ಯದ ಜೋಡಿ ಕಾಲುಗಳ ಬುಡಗಳು ಒಂದಕ್ಕೊಂದು ತಾಗದೆ ದೂರ ನಿಂತಿರುತ್ತವೆ. ಮಿಂಚುಹುಳ ಮತ್ತು ಮೆದುಮೈಯ ಕ್ಯಾಂಥರಿಡ್‌ಗಳಲ್ಲಿ ಅವು ಕೂಡಿಕೊಂಡಿರುತ್ತವೆ. ಪಾದದಲ್ಲಿ ಐದು ಖಂಡಗಳು ಸ್ಪಷ್ಟವಾಗಿ ಎಣಿಕೆಗೆ ಸಿಗಬೇಕು. ನಾಲ್ಕೇ ಕಂಡು, ಕಣ್ಣು ಮೀಸೆಯ ಬುಡವನ್ನು ಬಳಸಿ ಬಾಗಿದ್ದರೆ ಕೈಯಲ್ಲಿರುವುದು ಸೆರಾಂಬಿಸಿಡ್.

ಹಿಡಿಯುವುದು, ಕಾಪಿಡುವುದು

ಪರವಾನಗಿ ಇಲ್ಲದೆ ಬಲೆ ಬೀಸಬೇಡಿ. ಸಂಗ್ರಹದ ಅನುಮತಿ, ಮಾದರಿ ದೇಶ ದಾಟುವುದಾದರೆ ರಫ್ತಿನ ಅನುಮತಿ, ಮೂಲ ದೇಶ ಕೇಳಿದರೆ ಜೈವಿಕ ಸಂಪನ್ಮೂಲಗಳ ಬಳಕೆಯ ಬಗ್ಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಪ್ರಕಾರ ಬೇಕಾದ ಕಾಗದಪತ್ರ, ಎಲ್ಲವೂ ಮೊದಲೇ ಕೈಯಲ್ಲಿರಲಿ. ಪತ್ರಿಕೆಗಳು ಈಗ ಪರವಾನಗಿ ಸಂಖ್ಯೆ ಕೇಳುತ್ತವೆ. ಕಾಗದವಿಲ್ಲದ ಮಾದರಿಯನ್ನು ಒಳ್ಳೆಯ ಸಂಗ್ರಹಾಲಯಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ತೊರೆಯಂಚು, ಕಾಡಿನಂಚಿನ ನೆರಳು, ಪೊದೆಗಳ ಮೇಲ್ಮೈ ಒಳ್ಳೆಯ ಜಾಗಗಳು. ಗುಡಿಸುಬಲೆಯೂ ಕೊಂಬೆ ಬಡಿದು ಕೆಳಗೆ ಹಿಡಿಯುವ ಬಟ್ಟೆಯೂ ಸಾಕು. ದಿನಗಟ್ಟಲೆ ನಿಲ್ಲಿಸಿಡಲು ಡೇರೆಯಂಥ ಮಲೈಸ್ ಬಲೆ. ಮರಿಹುಳುಗಳು ಕೊಳೆತ ದಿಮ್ಮಿಗಳಲ್ಲಿ, ತೊಗಟೆಯ ಕೆಳಗೆ ಸಿಗುತ್ತವೆ. ಒಂದೇ ಒಂದು ಜೀರುಂಡೆ ಸಿಕ್ಕಿತೆಂದು ಹೊರಟುಬರಬೇಡಿ. ಒಂದು ಮಾದರಿಯಿಂದ ಆ ಪ್ರಭೇದದೊಳಗೆ ಎಷ್ಟು ವ್ಯತ್ಯಾಸವಿದೆ ಎಂಬುದು ಗೊತ್ತೇ ಆಗುವುದಿಲ್ಲ. ಗಂಡುಗಳು ಬೇಕೇ ಬೇಕು, ಏಕೆಂದರೆ ನಿರ್ಧಾರ ಆಗುವುದು ಗಂಡಿನ ಜನನಾಂಗದಲ್ಲಿ. ಕೂಡಿರುವ ಜೋಡಿ ಸಿಕ್ಕರೆ ಬೇರೆ ಕೊಳವೆಯಲ್ಲಿ ಒಟ್ಟಿಗೆ ಹಾಕಿ, ಜೋಡಿಯೆಂದು ಚೀಟಿಯಲ್ಲಿ ಬರೆಯಿರಿ.

ಮುಂರೆಕ್ಕೆ ಹಿಡಿದು ಎತ್ತಬೇಡಿ. ಬೆದರಿದ ಜೀರುಂಡೆ ಏರುಗೆರೆಗಳಿಂದಲೂ ಕಾಲಿನ ಕೀಲುಗಳಿಂದಲೂ ದ್ರವ ಒಸರಿಸುತ್ತದೆ. ಅದು ಒಣಗಿದರೆ ಬಲೆಗಣ್ಣುಗಳು ಮುಚ್ಚಿಹೋಗಿ ಮುಂದೆ ಎಣಿಸಲು ಬಾರದು. ಮೆದು ಚಿಮುಟದಲ್ಲಿ ಎದೆಭಾಗ ಹಿಡಿಯಿರಿ.

ಡಿಎನ್ಎಗೆ ಬೇಕಾದವನ್ನು ನೇರವಾಗಿ 96% ಎಥನಾಲ್‌ಗೆ ಹಾಕಿ. ಮೈಯ ನೀರು ಸೇರಿ ಎಥನಾಲ್ ತೆಳುವಾಗುವುದರಿಂದ ಮರುದಿನ ಒಮ್ಮೆ ಬದಲಿಸಿ, ಆಮೇಲೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಈಥೈಲ್ ಅಸಿಟೇಟ್‌ನಿಂದ ಕೊಂದದ್ದು ಡಿಎನ್ಎಗೆ ಬಾರದು, ಒಣಮಾದರಿಗೆ ಸರಿ. ಎಥನಾಲ್‌ನಲ್ಲಿ ಕೆಂಪು ಹಳದಿಗಳು ಮಾಸುತ್ತವೆ, ಒಣಗಿದರೆ ಮೈ ಕುಗ್ಗಿ ರೆಕ್ಕೆ ಮುರುಟುತ್ತದೆ. ಆದ್ದರಿಂದ ಎರಡೂ ಬಗೆಯಲ್ಲಿ ಕೆಲವನ್ನು ಇಟ್ಟುಕೊಂಡು, ಬದುಕಿರುವಾಗಿನ ಬಣ್ಣವನ್ನು ಫೋಟೊದಲ್ಲಿ ಹಿಡಿದಿಡಿ. ಬಣ್ಣದಿಂದ ಪ್ರಭೇದ ನಿರ್ಧಾರವಾಗದಿದ್ದರೂ ವಿವರಣೆಯಲ್ಲಿ ಅದರ ದಾಖಲೆ ಇರಲೇಬೇಕು.

ಚೀಟಿಯನ್ನು ಆ ದಿನವೇ ಬರೆಯಿರಿ: ದೇಶ, ಪ್ರಾಂತ್ಯ, ಸ್ಥಳ, ದಶಮಾಂಶ ಡಿಗ್ರಿಯಲ್ಲಿ ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ಬಗೆ, ಹಿಡಿದವರ ಹೆಸರು. ದಶಮಾಂಶದ ನಾಲ್ಕು ಅಂಕಿಗಳು ಸುಮಾರು 11 ಮೀಟರ್ ನಿಖರತೆ ಕೊಡುತ್ತವೆ, ಅಷ್ಟು ಸಾಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ರೂಢಿ. 5/6 ಎಂದು ಬರೆದರೆ ಅದು ಮೇ ತಿಂಗಳೋ ಜೂನ್ ತಿಂಗಳೋ ಎಂಬ ಜಗಳ ಐವತ್ತು ವರ್ಷ ಕಳೆದರೂ ಮುಗಿಯದು. ಎಥನಾಲ್‌ಗೆ ಕರಗದ ಶಾಯಿ, ಆಮ್ಲರಹಿತ ಕಾಗದ.

ಜನನಾಂಗ ಬಿಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಲೈಸಿಡ್ ಮೈ ಒದ್ದೆ ಕಾಗದದಷ್ಟು ಮೆದು. ಗಟ್ಟಿ ಜೀರುಂಡೆಗಳ ಮೇಲೆ ಪಳಗಿದ ಕೈ ಇಲ್ಲಿ ಅವಸರ ಮಾಡಿ ಕೆಡಿಸುತ್ತದೆ.

ಒಣಮಾದರಿಯನ್ನು ಮೊದಲು ಮೆದುವಾಗಿಸಿ. ಬಿಸಿನೀರಿನಲ್ಲಿ ಕೆಲವು ನಿಮಿಷ, ಇಲ್ಲವೇ ತೇವದ ಡಬ್ಬಿಯಲ್ಲಿ ಒಂದು ರಾತ್ರಿ. ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯದಂತೆ ಗಮನವಿರಲಿ. ಹೊಟ್ಟೆಯ ಭಾಗವನ್ನು ಎದೆಗೆ ಕೂಡುವಲ್ಲಿ ಸೂಜಿಯಿಂದ ಬಿಡಿಸಿ ಪೂರ್ತಿ ತೆಗೆಯಿರಿ. ಹೊಟ್ಟೆಯ ಖಂಡಗಳನ್ನು ಈಗಲೇ ಎಣಿಸಿಕೊಳ್ಳಿ: ಕೆಳಗಿನಿಂದ ಸಾಮಾನ್ಯವಾಗಿ ಗಂಡಿನಲ್ಲಿ ಎಂಟು, ಹೆಣ್ಣಿನಲ್ಲಿ ಏಳು ಫಲಕಗಳು ಕಾಣುತ್ತವೆ.

ಮುಂದೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ 10% ದ್ರಾವಣ. 10 ಗ್ರಾಂ ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಿ ಕರಗಿಸಿ, ಕೊನೆಗೆ ನೀರು ಸೇರಿಸಿ 100 ಮಿಲಿಲೀಟರ್‌ಗೆ ತನ್ನಿ. ಗುಳಿಗೆಗಳ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಹೊಟ್ಟೆಯನ್ನು ಈ ದ್ರಾವಣದ ಕೊಳವೆಗೆ ಹಾಕಿ, ಕೊಳವೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ನೇರ ಉರಿ ತಾಗಬಾರದು. ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡಿ. ಸ್ನಾಯು, ಕೊಬ್ಬು ಕರಗಿ ಒಳಗಿನ ಕಂದು ಬಣ್ಣದ ಅಂಗ ಚರ್ಮದ ಮೂಲಕ ಕಂಡಿತೆಂದರೆ ಸಾಕು, ನಿಲ್ಲಿಸಿ. ಸಣ್ಣ ಪ್ರಭೇದಗಳಲ್ಲಿ ಇದಕ್ಕೆ ಹತ್ತು ಹದಿನೈದು ನಿಮಿಷವೂ ಬೇಕಾಗದಿರಬಹುದು. ಹೊತ್ತು ಮೀರಿದರೆ ಗಟ್ಟಿಭಾಗಗಳೂ ಗಾಜಿನಂತಾಗಿ, ಗಂಡಿನ ಜನನಾಂಗದೊಳಗಿನ ಪೊರೆಚೀಲದ ಮುಳ್ಳುಗಳು ಕಾಣದಂತಾಗುತ್ತವೆ; ಹಾಗೆ ಕೆಟ್ಟದ್ದನ್ನು ಸರಿಪಡಿಸುವ ದಾರಿಯಿಲ್ಲ. ಹೆಣ್ಣಿನ ಅಂಗಗಳು ಮೊದಲೇ ತೆಳು, ಅವಕ್ಕೆ ತೊಳೆದ ಮೇಲೆ ಕ್ಲೋರಜಾಲ್ ಬ್ಲ್ಯಾಕ್ ಬಣ್ಣ ಹಾಕಿದರೆ ವೀರ್ಯಚೀಲ ಮತ್ತು ಗ್ರಂಥಿಗಳು ಎದ್ದು ಕಾಣುತ್ತವೆ.

ತೆಗೆದದ್ದನ್ನು ಒಂದು ಹನಿ ಅಸಿಟಿಕ್ ಆಮ್ಲ ಹಾಕಿದ ನೀರಿನಲ್ಲಿ, ಬಳಿಕ ಬರೀ ನೀರಿನಲ್ಲಿ ತೊಳೆಯಿರಿ. ತುದಿ ಕೊಂಚ ಬಗ್ಗಿಸಿದ ಅತಿಸಣ್ಣ ಸೂಜಿಯಿಂದ ಜನನಾಂಗವನ್ನು ಹಿಂತುದಿಯ ಮೂಲಕ ಮೆಲ್ಲನೆ ಎಳೆದು, ಸುತ್ತಲ ಪೊರೆ ಬಿಡಿಸಿ, ಗ್ಲಿಸರಾಲ್‌ಗೆ ಹಾಕಿ. ನಡುವಿನ ಕೊಳವೆ ಫ್ಯಾಲಸ್, ಬುಡದ ಫಲಕ ಫ್ಯಾಲೊಬೇಸ್, ಪಕ್ಕದ ತೋಳುಗಳು ಪ್ಯಾರಾಮೀರ್. ಹಲವು ಗುಂಪುಗಳಲ್ಲಿ ಪ್ಯಾರಾಮೀರ್‌ಗಳು ತೀರಾ ಕುಗ್ಗಿರುತ್ತವೆ ಅಥವಾ ಇರುವುದೇ ಇಲ್ಲ. ಎಳೆಯುವಾಗ ಕಿತ್ತುಹೋದವೇನೋ ಎಂದು ಗಾಬರಿಯಾಗುವ ಮುನ್ನ ಅದೇ ಕುಲದ ಪ್ರಕಟಿತ ಚಿತ್ರಗಳನ್ನು ನೋಡಿ.

ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಮೂರು ನೋಟಗಳೂ ಬೇಕು. ಪಕ್ಕನೋಟದ ಬಾಗು ಎಷ್ಟೋ ಬಾರಿ ನಿರ್ಣಾಯಕ. ಅದಕ್ಕಾಗಿಯೇ ಗಾಜಿನ ಹಾಳೆ ಮುಚ್ಚಿ ಒತ್ತಬೇಡಿ. ಒತ್ತಿದರೆ ಬಾಗು ನೇರವಾಗಿ, ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ದಪ್ಪ ಜೆಲ್‌ನ ತಳದಲ್ಲಿ ಊರಿ ನಿಲ್ಲಿಸಿದರೆ ಬೇಕಾದ ಕೋನದಲ್ಲಿ ನಿಲ್ಲುತ್ತದೆ, ಗುಳ್ಳೆ ಮಾತ್ರ ಸಿಕ್ಕಿಹಾಕಿಕೊಳ್ಳಬಾರದು. ಕೆಲಸವಾದ ಮೇಲೆ ಒಂದು ಹನಿ ಗ್ಲಿಸರಾಲ್ ಇರುವ ಪುಟ್ಟ ಕೊಳವೆಗೆ ಹಾಕಿ, ಅದೇ ಮಾದರಿಯ ಪಿನ್ನಿಗೆ ಚುಚ್ಚಿ. ಬೇರೆ ಪೆಟ್ಟಿಗೆಯಲ್ಲಿಟ್ಟ ಜನನಾಂಗ ಕಳೆದುಹೋದಂತೆಯೇ ಲೆಕ್ಕ.

ಒಂದೇ ಗಂಡನ್ನು ಬಿಡಿಸಿ ಮುಗಿಸಬೇಡಿ. ಸಿಕ್ಕರೆ ಮೂರರಿಂದ ಐದು, ಅದರಲ್ಲೂ ಬೇರೆ ಬೇರೆ ಸ್ಥಳದವು ಮತ್ತು ಬೇರೆ ಬೇರೆ ಬಣ್ಣದವು. ಬಣ್ಣ ಬೇರೆಯಾಗಿ ಜನನಾಂಗ ಒಂದೇ ಇದ್ದರೆ ಒಂದೇ ಪ್ರಭೇದದ ಎರಡು ವೇಷ. ಬಣ್ಣ ಒಂದೇ ಆಗಿ ಜನನಾಂಗ ಬೇರೆಯಾದರೆ ಮೇಜಿನ ಮೇಲೆ ಎರಡು ಪ್ರಭೇದಗಳಿವೆ. ಪೊರೆ ಬಿಟ್ಟು ಆಗಷ್ಟೇ ಹೊರಬಂದ, ಇನ್ನೂ ಗಟ್ಟಿಯಾಗದ ಮಾದರಿಯನ್ನು ಈ ಹೋಲಿಕೆಗೆ ಬಳಸಬೇಡಿ.

ಮೊದಲು ಕುಲ, ಆಮೇಲೆ ಹಳೆಯ ಟೈಪ್‌ಗಳು

ಪ್ರಭೇದಕ್ಕೆ ಹೋಗುವ ಮುನ್ನ ಕುಲ ಗಟ್ಟಿಯಾಗಬೇಕು. ಕುಲ ತಪ್ಪಿದರೆ ನೀವು ಹೋಲಿಸಿದ್ದೆಲ್ಲ ಬೇರೆಯವರ ಜೊತೆಗೆ. ಪ್ರೊನೋಟಮ್ (ತಲೆಯ ಹಿಂದೆ ಎದೆಯನ್ನು ಮೇಲಿನಿಂದ ಮುಚ್ಚುವ ಫಲಕ) ಮೇಲೆ ಏಣುಗಳಿಂದ ಆದ ಏಳು ಕೋಣೆಗಳಿದ್ದರೆ ಕಾಟೈರೀಸ್, ಕ್ಸೈಲೊಬಾನಸ್ ಮುಂತಾದ ಕುಲಗಳಿರುವ ಮೆಟ್ರಿಯೊರಿಂಕೀನಿ ಗುಂಪಿನ ಕಡೆ ನೋಡಿ. ಈ ಗುಂಪಿನಲ್ಲೂ ಕೆಲವದರಲ್ಲಿ ಕೋಣೆಗಳು ಕಡಿಮೆಯಾಗಿರುತ್ತವೆ ಎಂಬುದು ನೆನಪಿರಲಿ. ತಲೆ ಮುಂದಕ್ಕೆ ಕೊಕ್ಕಿನಂತೆ ಚಾಚಿದ್ದರೆ ಲೈಕೊಸ್ಟೋಮಸ್ ಮತ್ತು ಅದರ ಬಂಧುಗಳು. ಏರುಗೆರೆಗಳನ್ನು ಎಣಿಸಿ: ಮುಖ್ಯವಾದವು ಸಾಮಾನ್ಯವಾಗಿ ಪ್ರತಿ ರೆಕ್ಕೆಗೆ ನಾಲ್ಕು, ನಡುವೆ ಉಪಗೆರೆಗಳು ಇರಬಹುದು ಇಲ್ಲದಿರಬಹುದು. ಎರಡು ಮುಖ್ಯಗೆರೆಗಳ ನಡುವೆ ಬಲೆಗಣ್ಣುಗಳ ಒಂದು ಸಾಲೋ ಎರಡು ಸಾಲೋ ಎಂಬುದು ಕುಲದ ಮಟ್ಟದಲ್ಲೇ ಉಪಯೋಗಕ್ಕೆ ಬರುತ್ತದೆ. ಆದರೆ ಮೈ ಚಿಕ್ಕದಾದಾಗ ಗೆರೆಗಳೂ ಕೋಣೆಗಳೂ ಹಲವು ವಂಶಗಳಲ್ಲಿ ಪ್ರತ್ಯೇಕವಾಗಿ ಅಳಿಸಿಹೋಗಿವೆ. ಒಂದೇ ಲಕ್ಷಣ ಹಿಡಿದು ಕುಲ ನಿರ್ಧರಿಸಬೇಡಿ.

ಹಳೆಯ ಸಾಹಿತ್ಯದ ಹುಡುಕಾಟಕ್ಕೆ ರಿಚರ್ಡ್ ಕ್ಲೈನೆಯ 1933ರ ಕ್ಯಾಟಲಾಗ್ ಆರಂಭಬಿಂದು. ಬ್ರಿಟಿಷ್ ಮ್ಯೂಸಿಯಂ ಮಾದರಿಗಳಿಗೆ ಚಾರ್ಲ್ಸ್ ಓವೆನ್ ವಾಟರ್‌ಹೌಸ್ 1879ರಲ್ಲಿ ತಂದ ಬಣ್ಣದ ಚಿತ್ರಗಳಿವೆ. ಅಲ್ಲಿಂದೀಚೆಗಿನದನ್ನು ಒಂದೊಂದೇ ಲೇಖನ ಹಿಡಿದು ಕೂಡಿಸಬೇಕು. ಹಳೆಯ ವಿವರಣೆಗಳು ಬಹಳಷ್ಟು ನಾಲ್ಕೈದು ಸಾಲು, ಅದೂ ಬಣ್ಣದ ಬಗ್ಗೆಯೇ. ಅವನ್ನು ಓದಿ ‘ನನ್ನದು ಬೇರೆ’ ಎಂದು ತೀರ್ಮಾನಿಸುವುದು ಈ ಕುಟುಂಬದಲ್ಲಿ ಅತಿ ಸಾಮಾನ್ಯ ತಪ್ಪು. ಆ ಪ್ರದೇಶದಿಂದ ಆ ಕುಲದಲ್ಲಿ ಹೆಸರಿಟ್ಟ ಪ್ರತಿಯೊಂದರ ಟೈಪ್ ಮಾದರಿ (ಯಾವ ಮಾದರಿಯ ಮೇಲೆ ಹೆಸರು ನಿಂತಿದೆಯೋ ಅದು) ಎಲ್ಲಿದೆ ಎಂಬ ಪಟ್ಟಿ ಮಾಡಿ, ಸಂಗ್ರಹಾಲಯದ ಕ್ಯುರೇಟರ್‌ಗಳಿಗೆ ಬರೆದು ಫೋಟೊ ಅಥವಾ ಎರವಲು ಕೇಳಿ. ಗಂಡು ಟೈಪ್ ಆಗಿದ್ದು ಜನನಾಂಗ ಬಿಡಿಸಿಲ್ಲದಿದ್ದರೆ, ಬಿಡಿಸಲು ಅನುಮತಿ ಲಿಖಿತವಾಗಿ ಪಡೆಯಿರಿ. ಪಕ್ಕದ ಬೆಟ್ಟ, ಪಕ್ಕದ ದೇಶದ ಪ್ರಭೇದಗಳನ್ನೂ ಪಟ್ಟಿಗೆ ಸೇರಿಸಿ. ಹಾರಾಟದಲ್ಲಿ ಮಂದವಾದ ಈ ಜೀರುಂಡೆಗಳ ವ್ಯಾಪ್ತಿ ಹಲವು ಬಾರಿ ಚಿಕ್ಕದೇ, ಆದರೆ ಅದು ರಾಜಕೀಯ ಗಡಿಗೆ ಸರಿಯಾಗಿ ನಿಲ್ಲುವುದಿಲ್ಲ.

ಡಿಎನ್ಎ ಎಲ್ಲಿ ಬೇಕು

ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಮೈಟೊಕಾಂಡ್ರಿಯದ ಜೀನಿನ 658 ಬೇಸ್‌ಗಳ ಬಾರ್‌ಕೋಡ್ ತುಣುಕಿನಿಂದ ಶುರುಮಾಡಿ, ಹಿಂಗಾಲಿನ ಸ್ನಾಯು ಸಾಕು. ಅದನ್ನು ಪ್ರೋಟೀನಿನ ಅನುಕ್ರಮಕ್ಕೆ ಅನುವಾದಿಸಿದಾಗ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಅಲ್ಲಿಗೆ ಮುಗಿಯಿತೆಂಬ ಸಂಕೇತ) ಬಂದರೆ ನೀವು ಓದಿದ್ದು ಜೀನಿನ ಸತ್ತ ನಕಲು, ಎಸೆಯಿರಿ. ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂಬ ಸಿದ್ಧ ಗೆರೆ ಯಾವುದೂ ಇಲ್ಲ. ಅನುಕ್ರಮ, ಜನನಾಂಗ, ಸ್ಥಳ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಮುಂದುವರಿಯಿರಿ.

ಡಿಎನ್ಎ ನಿಜಕ್ಕೂ ಅನಿವಾರ್ಯವಾಗುವುದು ಗಂಡು, ಹೆಣ್ಣು, ಮರಿಗಳನ್ನು ಜೋಡಿಸುವಾಗ. ಪ್ಲಾಟೆರೊಡ್ರೈಲಸ್ ಕುಲದ ಹೆಣ್ಣು ರೆಕ್ಕೆಯಿಲ್ಲದೆ, ಟ್ರೈಲೊಬೈಟ್ ಪಳೆಯುಳಿಕೆಯಂಥ ಮೈ ಹೊತ್ತು, ಜೀವನಪೂರ್ತಿ ಮರಿಯ ರೂಪದಲ್ಲೇ ಇರುತ್ತದೆ. ಗಂಡು ಮಾತ್ರ ರೆಕ್ಕೆಯಿರುವ ಪುಟ್ಟ ಜೀರುಂಡೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾರೂ ಒಂದೇ ಎನ್ನರು. ಪ್ರಾಣಿವಿಜ್ಞಾನಿ ಎರಿಕ್ ಮ್ಯೋಬೆರ್ಗ್ 1925ರಲ್ಲಿ ಬೋರ್ನಿಯೊದ ಈ ಒಗಟನ್ನು ಬಿಡಿಸುವವರೆಗೆ ಆ ಹುಳುಗಳ ಗಂಡು ಯಾವುದೆಂದು ಗೊತ್ತಿರಲಿಲ್ಲ. ಇಂದು ಒಂದು ತುಣುಕು ಕಾಲು ಆ ಕೆಲಸ ಮಾಡುತ್ತದೆ. ಮಾದರಿ, ಕೊಳವೆ, ಡಿಎನ್ಎ ಅನುಕ್ರಮಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್ ದಾಖಲೆ ಮೂರರಲ್ಲೂ ಒಂದೇ ಗುರುತುಸಂಖ್ಯೆ ಇರಬೇಕು.

ಅಳತೆ, ವಿವರಣೆ, ವ್ಯತ್ಯಾಸ

ಅಳತೆಗಳು ಸೂಕ್ಷ್ಮದರ್ಶಕದ ಕಣ್ಣುಗಾಜಿನ ಅಳತೆಪಟ್ಟಿಯಲ್ಲಿ, ಮಿಲಿಮೀಟರ್ ಲೆಕ್ಕದಲ್ಲಿ: ತಲೆಯ ಮುಂತುದಿಯಿಂದ ರೆಕ್ಕೆಯ ತುದಿವರೆಗೆ ಮೈಯುದ್ದ, ಹೆಗಲಿನಲ್ಲಿ ಅಗಲ, ಪ್ರೊನೋಟಮ್‌ನ ನಡುಗೆರೆಯ ಉದ್ದ ಮತ್ತು ಅಗಲ, ಕಣ್ಣುಗಳ ನಡುವಿನ ಕನಿಷ್ಠ ದೂರ, ಕಣ್ಣಿನ ಗರಿಷ್ಠ ವ್ಯಾಸ. ಕಡೆಯ ಎರಡರ ಅನುಪಾತ ಪ್ರಭೇದಗಳನ್ನು ಬೇರ್ಪಡಿಸಲು ಬಹಳ ಸಲ ನೆರವಾಗುತ್ತದೆ, ಆದರೆ ಗಂಡನ್ನು ಗಂಡಿನ ಜೊತೆಯೇ ಹೋಲಿಸಿ. ಹೆಣ್ಣಿನ ಕಣ್ಣು ಸಾಮಾನ್ಯವಾಗಿ ಚಿಕ್ಕದು. ಒಣಗಿ ಮುರುಟಿದ ರೆಕ್ಕೆಯಿಂದ ಮೈಯುದ್ದ ತೆಗೆಯಬೇಡಿ.

ವಿವರಣೆ ತಲೆಯಿಂದ ಹಿಂದಕ್ಕೆ ಸಾಗಲಿ. ಮೀಸೆಯ 11 ಖಂಡಗಳು ಗರಗಸದಂತಿವೆಯೇ, ಕೊಂಬೆಯೊಡೆದಿವೆಯೇ. ಕೊಂಬೆಯೊಡೆದಿದ್ದರೆ ಮೂರನೆಯ ಖಂಡದ ಕೊಂಬೆ ಆ ಖಂಡಕ್ಕಿಂತ ಎಷ್ಟು ಪಟ್ಟು ಉದ್ದ. ‘ಉದ್ದವಾಗಿದೆ’ ಎಂದು ಬರೆದರೆ ಓದುವವನಿಗೆ ಏನೂ ಸಿಗದು, ‘ಖಂಡದ 2.5 ಪಟ್ಟು’ ಎಂದರೆ ಅಳೆದು ನೋಡಬಹುದು. ಪ್ರೊನೋಟಮ್‌ನ ಅಂಚು, ಕೋಣೆಗಳ ಆಕಾರ, ಸ್ಕುಟೆಲ್ಲಮ್‌ನ (ಮುಂರೆಕ್ಕೆಗಳ ಬುಡದ ನಡುವಿನ ಪುಟ್ಟ ಫಲಕ) ತುದಿ, ಏರುಗೆರೆಗಳ ಎತ್ತರ, ಕಾಲು, ಕೊನೆಗೆ ಜನನಾಂಗ.

ಫೋಟೊಗಳಿಗೆ ಬೆಳಕನ್ನು ಹಾಳೆಯ ಮೂಲಕ ಹಾಯಿಸಿ ಮೆದುಗೊಳಿಸಿ, ಬೇರೆ ಬೇರೆ ಆಳದ ಹಲವು ಚಿತ್ರಗಳನ್ನು ತಂತ್ರಾಂಶಗಳಾದ ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್‌ನಲ್ಲಿ ಕೂಡಿಸಿ. ಪ್ರತಿ ಚಿತ್ರದಲ್ಲೂ ಅಳತೆಗೆರೆ ಇರಲಿ.

ಉದ್ದನೆಯ ವಿವರಣೆಯನ್ನು ಪೂರ್ತಿ ಓದುವವರು ಕಡಿಮೆ. ಎಲ್ಲರೂ ಓದುವುದು ಅದರ ಪಕ್ಕದ ಚಿಕ್ಕ ಭಾಗ, ‘ಡಯಾಗ್ನೋಸಿಸ್’. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯೂ ಪ್ರಭೇದವನ್ನು ಬೇರ್ಪಡಿಸುವ ಲಕ್ಷಣಗಳನ್ನು ಪದಗಳಲ್ಲಿ ಹೇಳಲೇಬೇಕೆನ್ನುತ್ತದೆ; ಬರೀ ಚಿತ್ರ ಸಾಲದು. ಇಲ್ಲಿ ಅತಿಹತ್ತಿರದ ಎರಡು ಮೂರು ಪ್ರಭೇದಗಳ ಹೆಸರು ಹೇಳಿ, ಒಂದೊಂದರಿಂದಲೂ ಯಾವ ಲಕ್ಷಣದಲ್ಲಿ ಬೇರೆ ಎಂದು ಎದುರುಬದುರು ಇಡಿ: ಇದರಲ್ಲಿ ಫ್ಯಾಲಸ್‌ನ ತುದಿ ಕೊಕ್ಕೆಯಂತೆ ಬಾಗಿದೆ, ಅದರಲ್ಲಿ ನೇರವಾಗಿದೆ. ಬಣ್ಣಕ್ಕೆ ಕೊನೆಯ ಸ್ಥಾನ, ಅದರ ವ್ಯತ್ಯಾಸದ ಹರವಿನ ಸಮೇತ. ನಿಮ್ಮ ಡಯಾಗ್ನೋಸಿಸ್‌ನಿಂದ ಬಣ್ಣದ ಮಾತು ತೆಗೆದುಹಾಕಿದಾಗ ಏನೂ ಉಳಿಯದಿದ್ದರೆ ಲೇಖನ ಇನ್ನೂ ಸಿದ್ಧವಾಗಿಲ್ಲ.

ಟೈಪ್ ಮತ್ತು ಹೆಸರು

ಹೊಸ ಹೆಸರನ್ನು ಹೊರುವ ಹೋಲೋಟೈಪ್ ಒಂದೇ ಮಾದರಿ. ಜನನಾಂಗ ಬಿಡಿಸಿದ, ಕಾಲು-ಮೀಸೆ ಪೂರ್ತಿ ಇರುವ, ಸಾಧ್ಯವಾದರೆ ಡಿಎನ್ಎ ಓದಿದ ಗಂಡನ್ನು ಆರಿಸಿ. 1999ರ ನಂತರ ಪ್ರಕಟವಾದ ಪ್ರಭೇದಕ್ಕೆ ಹೆಸರು ಹೊರುವ ಟೈಪ್ ಯಾವುದೆಂದೂ, ಅದು ಯಾವ ಸಂಗ್ರಹದಲ್ಲಿದೆ ಅಥವಾ ಇರಲಿದೆ ಎಂದೂ ಲೇಖನದಲ್ಲೇ ಸ್ಪಷ್ಟವಾಗಿ ಬರೆಯುವುದು ಕಡ್ಡಾಯ. ಇದೊಂದು ವಾಕ್ಯ ಬಿಟ್ಟುಹೋದರೆ ಹೆಸರೇ ಸಿಂಧುವಲ್ಲ. ವಿವರಣೆಗೆ ಬಳಸಿದ ಉಳಿದ ಮಾದರಿಗಳು ಪ್ಯಾರಾಟೈಪ್‌ಗಳು. ಅನುಮಾನ ಬರುವ ಮಾದರಿಯನ್ನು ಪ್ಯಾರಾಟೈಪ್ ಮಾಡಬೇಡಿ, ಮುಂದೆ ಅದು ಬೇರೆ ಪ್ರಭೇದವಾಗಿ ಹೊರಟರೆ ಎಲ್ಲರ ತಲೆ ಕೆಡುತ್ತದೆ. ಹೋಲೋಟೈಪ್‌ಗೆ ಕೆಂಪು ಚೀಟಿ ರೂಢಿ.

ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು. ವಿಶೇಷಣವಾದರೆ ಕುಲದ ಲಿಂಗಕ್ಕೆ ಹೊಂದಬೇಕು: ಪುಲ್ಲಿಂಗಕ್ಕೆ ನೈಜರ್, ಸ್ತ್ರೀಲಿಂಗಕ್ಕೆ ನೈಗ್ರಾ, ನಪುಂಸಕಕ್ಕೆ ನೈಗ್ರಮ್. ವ್ಯಕ್ತಿಯ ಹೆಸರಿಟ್ಟರೆ ಗಂಡಸಿಗೆ ‘ಐ’, ಹೆಂಗಸಿಗೆ ‘ಎಇ’ ಅಕ್ಷರಗಳ ಪ್ರತ್ಯಯ. ತನ್ನದೇ ಹೆಸರಿಡಲು ನಿಷೇಧವಿಲ್ಲ, ಆದರೆ ಹಾಗೆ ಮಾಡಿದವರನ್ನು ನೋಡಿ ಉಳಿದವರು ನಗುತ್ತಾರೆ. ಕೆಂಪುಕೊರಳು, ಕಪ್ಪುರೆಕ್ಕೆ ಎಂಬ ಅರ್ಥದ ಹೆಸರುಗಳು ದೊಡ್ಡ ಕುಲಗಳಲ್ಲಿ ಎಂದೋ ಖರ್ಚಾಗಿವೆ. ಆ ಕುಲದಲ್ಲಿ ಹಿಂದೆ ಇದ್ದು ಈಗ ಬೇರೆಡೆಗೆ ಹೋದ ಪ್ರಭೇದಗಳ ಹೆಸರನ್ನೂ ಪರೀಕ್ಷಿಸಿ, ಅಲ್ಲಿ ಬಳಕೆಯಾದದ್ದೂ ನಿಮಗೆ ಸಿಗುವುದಿಲ್ಲ. ಬಣ್ಣದ ಹೆಸರಿಗೆ ಇನ್ನೊಂದು ತೊಡಕಿದೆ: ಮುಂದಿನ ಬೆಟ್ಟದಲ್ಲಿ ಅದೇ ಪ್ರಭೇದ ಹಳದಿಯಾಗಿ ಸಿಕ್ಕರೂ ‘ಕೆಂಪು’ ಎಂದೇ ಕರೆಯಬೇಕಾಗುತ್ತದೆ.

ಪ್ರಕಟಣೆ

ಝೂಟ್ಯಾಕ್ಸಾ, ಝೂಕೀಸ್‌ನಂಥ ವರ್ಗೀಕರಣದ ಪತ್ರಿಕೆಗಳು ಇಂಥ ಲೇಖನಗಳನ್ನು ತೆಗೆದುಕೊಳ್ಳುತ್ತವೆ. ಹೆಸರು ಮೊದಲು ಬರುವಲ್ಲಿ ಅದು ಹೊಸ ಪ್ರಭೇದವೆಂದು ಸ್ಪಷ್ಟವಾಗಿ ನಮೂದಿಸಬೇಕು. ಬರೀ ವಿದ್ಯುನ್ಮಾನವಾಗಿ ಬರುವ ಲೇಖನವಾದರೆ, ಸಂಹಿತೆಯ 2012ರ ತಿದ್ದುಪಡಿಯ ಪ್ರಕಾರ ಪ್ರಕಟಣೆಗೆ ಮುನ್ನವೇ ಅದು ಪ್ರಾಣಿನಾಮಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿ, ನೋಂದಣಿಯ ಸಾಕ್ಷ್ಯ ಲೇಖನದೊಳಗೇ ಇರಬೇಕು. ಕೆಲವು ಪತ್ರಿಕೆಗಳು ತಾವೇ ನೋಂದಾಯಿಸುತ್ತವೆ, ಕೆಲವು ಲೇಖಕರಿಗೆ ಬಿಡುತ್ತವೆ, ಕೇಳಿ ತಿಳಿದುಕೊಳ್ಳಿ. ಲೇಖನ ಬರುವ ಮುನ್ನ ಹೊಸ ಹೆಸರನ್ನು ಸಮ್ಮೇಳನದ ಸಾರಾಂಶ, ಪತ್ರಿಕಾ ಹೇಳಿಕೆ, ಸಾಮಾಜಿಕ ಜಾಲತಾಣ ಎಲ್ಲೂ ಬಳಸಬೇಡಿ. ವಿವರಣೆಯಿಲ್ಲದೆ ಹೊರಬಿದ್ದ ಹೆಸರಿಗೆ ಮಾನ್ಯತೆ ಇಲ್ಲ, ಆದರೆ ಅದು ಹುಡುಕಾಟದ ಪಟ್ಟಿಗಳಲ್ಲಿ ಅಲೆಯುತ್ತಲೇ ಇರುತ್ತದೆ.

ಲೇಖನ ಬಂದ ದಿನವೇ ಮೂರು ಸಣ್ಣ ಕೆಲಸಗಳನ್ನು ಮುಗಿಸಿಬಿಡಿ: ಝೂಬ್ಯಾಂಕ್ ದಾಖಲೆಯಲ್ಲಿ ಪ್ರಕಟಣೆಯ ನಿಜವಾದ ದಿನಾಂಕ ತುಂಬುವುದು, ಜೆನ್‌ಬ್ಯಾಂಕ್‌ನ ಅನುಕ್ರಮಗಳಿಗೆ ತಾತ್ಕಾಲಿಕ ಸಂಕೇತದ ಬದಲು ಹೊಸ ಹೆಸರು ಹಾಕಿಸುವುದು, ಪ್ಯಾರಾಟೈಪ್‌ಗಳನ್ನು ಲೇಖನದಲ್ಲಿ ಹೇಳಿದ ಸಂಗ್ರಹಾಲಯಗಳಿಗೆ ಚೀಟಿ ಸಮೇತ ಕಳಿಸುವುದು. ಮೂರನೆಯದನ್ನೇ ಜನ ಮರೆಯುವುದು. ಲೇಖನದ ಪ್ರಕಾರ ಸಂಗ್ರಹಾಲಯದಲ್ಲಿರಬೇಕಾದ ಮಾದರಿ ಲೇಖಕರ ಕಪಾಟಿನಲ್ಲೇ ಧೂಳು ಹಿಡಿಯುತ್ತಿರುತ್ತದೆ.